ಬಲಗೈಗೆ ಕಟ್ಟಿದ ಹಸಿರು ದಾರ

ಮೇಡಂ ತೀರಿಕೊಂಡು ಹದಿನೈದು ದಿನವಾಗಿತ್ತು. ಅವರ ಶಿಷ್ಯರೊಬ್ಬರು ಬಳ್ಳಾರಿಯಿಂದ ಫೋನು ಮಾಡಿದರು. ನೆನಪಿನ ಸಂಚಿಕೆ ತರುತ್ತಿದ್ದಾರಂತೆ, ನಾನೂ ಎರಡು ಪುಟ ಬರೆದುಕೊಡಬೇಕಂತೆ. "ನೀವು ಅವರ ಜೋಡಿ ಮೂರು ವರ್ಷ ಇದ್ದೋರು. ಅವರ ಒಳ್ಳೆ ಗುಣ ನಾಕು ಬರೀರಿ, ಸಾಕು," ಎಂದರು. ನಾಲ್ಕೇನು, ನಲವತ್ತು ಬರೆಯಬಲ್ಲೆ. ಒಳ್ಳೆಯ ಗುಣಗಳಿಗೆ ಅವರಲ್ಲಿ ಬರವಿರಲಿಲ್ಲ. ನಾನು ಮೋಸಹೋದದ್ದೇ ಆ ಗುಣಗಳಿಂದ. ಕೆಟ್ಟ ಹೆಂಗಸಾಗಿದ್ದರೆ ಅವರ ಮಾತನ್ನು ನಾನು ನಂಬುತ್ತಲೇ ಇರಲಿಲ್ಲ.

ಆಗಲಿ ಎಂದು ಫೋನಿಟ್ಟೆ. ಬರೆದದ್ದು ಇದು. ಅವರು ಹಾಕಿಕೊಳ್ಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಮೇಡಂ ಗಿಡ್ಡ, ಸಣಕಲು, ನಡಿಗೆ ಮಾತ್ರ ಜೋರು. ಬಳ್ಳಾರಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರು. ಬೆಳಿಗ್ಗೆಯೆಲ್ಲ ರೋಗಿಗಳ ತಲೆ, ಬೆನ್ನು, ಮೊಣಕಾಲುಗಳ ಚಿತ್ರ ನೋಡಿ ವರದಿ ಬರೆಯುವರು. ಮಧ್ಯಾಹ್ನ ಯಂತ್ರ ಬಿಡುವಾದ ಮೇಲೆ ತಮ್ಮ ಸ್ವಂತ ಹುಚ್ಚಿಗೆ ಹೊರಳುವರು. ಆ ಯಂತ್ರದ ಒಳಗಿರುವುದು ದೊಡ್ಡ ಅಯಸ್ಕಾಂತ. ಕಬ್ಬಿಣದ ಚೂರು ಕಂಡರೂ ಎಳೆದುಕೊಳ್ಳುತ್ತದೆ. ಹಾಗಾಗಿ ಮೇಡಂ ಸೀರೆಗೆ ಪಿನ್ನು ಹಾಕುತ್ತಿರಲಿಲ್ಲ. ಸೆರಗನ್ನು ರವಿಕೆಯ ಹೆಗಲಿಗೆ ಸೂಜಿದಾರದಿಂದ ಎರಡು ಹೊಲಿಗೆ ಹಾಕಿಕೊಂಡು ಬರುತ್ತಿದ್ದರು. ಮದುವೆ ಮನೆಗೆ ಹೋದರೂ ಅದೇ ಹೊಲಿಗೆ. ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತು ಪೊಲೀಸರ ಹಾಗೆ ತಮ್ಮ ಮೈಯನ್ನು ತಾವೇ ಮೇಲಿಂದ ಕೆಳಗೆ ತಟ್ಟಿ ನೋಡಿಕೊಂಡೇ ಒಳಗೆ ಕಾಲಿಡುವರು.

ಅವರ ಹುಚ್ಚು ಏನೆಂದರೆ, ಮನುಷ್ಯನ ಮಾತು ಮಿದುಳಿನ ಯಾವ ಹೋಳಿನಲ್ಲಿ ಮನೆ ಮಾಡಿಕೊಂಡಿದೆ ಎಂದು ಹುಡುಕುವುದು. ಮಿದುಳಿಗೆ ಎಡ, ಬಲ ಎಂದು ಎರಡು ಹೋಳು. ಬಲಗೈಯವರಲ್ಲಿ ಹೆಚ್ಚುಕಡಿಮೆ ಎಲ್ಲರ ಮಾತೂ ಎಡ ಹೋಳಿನದು. ಎಡಚರಲ್ಲೂ ಹೆಚ್ಚಿನವರಿಗೆ ಹಾಗೆಯೇ, ಕೆಲವರಿಗೆ ಮಾತ್ರ ಬಲಕ್ಕಿರುತ್ತದೆ. ಯಂತ್ರದೊಳಗೆ ಮಲಗಿದವರು ಪದಗಳನ್ನು ಯೋಚಿಸುವಾಗ ಮಿದುಳಿನ ಯಾವ ಕಡೆ ರಕ್ತ ಹೆಚ್ಚು ಹರಿಯಿತೆಂದು ಚಿತ್ರದಲ್ಲಿ ಕಾಣುತ್ತದೆ. ಗಡಿಯ ಈ ಸೀಮೆಯಲ್ಲಿ ಕನ್ನಡವನ್ನೂ ತೆಲುಗನ್ನೂ ಸಣ್ಣಂದಿನಿಂದ ಆಡಿಕೊಂಡು ಬೆಳೆದ ಬಲಗೈ ಹೆಂಗಸರಿಗೆ ಎರಡೂ ಭಾಷೆ ಒಂದೇ ಹೋಳಿನಲ್ಲಿರುತ್ತವೆಯೇ ಎಂಬುದು ಅವರ ಪ್ರಶ್ನೆ. ಪದಗಳನ್ನು ಹೊಂದಿಸಲು, ಹಳ್ಳಿಯ ಹೆಂಗಸರನ್ನು ಒಪ್ಪಿಸಿ ಕರೆತರಲು ಅವರಿಗೊಬ್ಬಳು ಬೇಕಾಗಿದ್ದಳು. ಕನ್ನಡ ಎಂ.ಎ. ಮಾಡಿ ಸಿರುಗುಪ್ಪದ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ನಾನು ಸಿಕ್ಕೆ.

ಮೊದಲ ದಿನವೇ ಯಾರದೋ ತಲೆಯ ಚಿತ್ರವನ್ನು ದೀಪದ ಹಲಗೆಗೆ ಸಿಕ್ಕಿಸಿ, "ಬಲಗಡೆ ತೋರಿಸು," ಎಂದರು. ಸ್ವಲ್ಪ ತಡವರಿಸಿ ತೋರಿಸಿದೆ.

"ಯಾರ ಬಲ ಇದು?"

"ನನ್ನ ಬಲ್ರಿ, ಮೇಡಂ."

"ನಿನ್ನ ಬಲ ತಗೊಂಡು ನಾ ಏನ್ ಮಾಡ್ಲಿ, ಪಿಲ್ಲಾ? ಫೋಟೊದಾಗಿನಾಕಿ ನಿನ್ನ ಎದುರಿಗೆ ಕುಂತಾಳ ಅಂತ ತಿಳಿ. ಆಕಿ ಬಲ ಎಲ್ಲೈತಿ ಅದನ್ನ ತೋರಿಸು."

ಪಿಲ್ಲ ಎಂದರೆ ತೆಲುಗಿನಲ್ಲಿ ಹುಡುಗಿ. ಮನೆಯಲ್ಲಿ ಅವರದು ತೆಲುಗು. ಪ್ರೀತಿ ಬಂದರೂ ಸಿಟ್ಟು ಬಂದರೂ ಬಾಯಿಂದ ಮೊದಲು ಬರುವುದು ಅದೇ. ಎಣಿಸುವುದು ಮಾತ್ರ ಕನ್ನಡದಲ್ಲಿ. "ಯಾರ ಬಲ?" ಎಂಬ ಪ್ರಶ್ನೆಯನ್ನು ಅವರು ಹೊಸ ಡಾಕ್ಟರುಗಳಿಗೂ ಕೇಳುತ್ತಿದ್ದರು, ದಾರಿ ಹೇಳಲು ಬಂದ ಆಟೋದವನಿಗೂ ಕೇಳುತ್ತಿದ್ದರು.

ಅದಕ್ಕೆ ಕಾರಣವೂ ಇತ್ತು. ಕಂಪ್ಯೂಟರಿಗೆ ಹೋದ ಮೇಲೆ ಚಿತ್ರದ ಎಡವನ್ನು ಬಲ ಮಾಡುವುದು ಒಂದು ಗುಂಡಿ ಒತ್ತುವಷ್ಟು ಸಲೀಸು. ಎಲ್ಲೋ ಯಾರೋ ಮೈಮರೆತು ಒತ್ತಿದರೆ ಎಲ್ಲ ತಿರುಗಾಮುರುಗಾ. ಹಾಗಾಗಬಾರದೆಂದು, ಮಲಗಿಸುವ ಮೊದಲು ಹೆಂಗಸಿನ ಬಲಗಡೆಯ ಕಣತಲೆಗೆ ಒಂದು ಮೀನೆಣ್ಣೆ ಗುಳಿಗೆಯನ್ನು ಟೇಪಿನಿಂದ ಅಂಟಿಸುವುದು ಮೇಡಂ ಮಾಡಿದ ಕಟ್ಟಳೆ. ಚಿತ್ರದಲ್ಲಿ ಅದು ಬೆಳ್ಳಗೆ ಚುಕ್ಕೆಯಾಗಿ ಬೀಳುತ್ತದೆ. ಚುಕ್ಕೆ ಇದ್ದ ಕಡೆಯೇ ಬಲ. "ಯಂತ್ರ ಸುಳ್ಳು ಹೇಳಬಹುದು, ನಾನೂ ಹೇಳಬಹುದು, ಗುಳಿಗಿ ಹೇಳಂಗಿಲ್ಲ," ಎನ್ನುವರು. ಒಮ್ಮೆ ರೂಪನಗುಡಿಯ ಒಬ್ಬ ಅಜ್ಜಿ, ಮೀನು ಮೊಟ್ಟೆ ಮುಟ್ಟದ ಮನೆಯವಳು, "ಇದೇನವ್ವ ತಲಿಗೆ ಹಚ್ಚೋದು?" ಎಂದಳು. ಮೇಡಂ ಕಣ್ಣು ಮಿಟುಕಿಸದೆ "ಎಳ್ಳೆಣ್ಣಿ ಗುಳಿಗಿ, ತಂಪು," ಎಂದುಬಿಟ್ಟರು. ಹೊರಗೆ ಬಂದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ಸರಾಗವಾಗಿ ಹೇಳಿದರಲ್ಲ ಎಂದು ಆಗ ನನಗೆ ಮೆಚ್ಚುಗೆಯೇ ಆಗಿತ್ತು.

ಅವರ ಹಾಗೆ ಹೆಂಗಸರ ಮನಸ್ಸು ಬಲ್ಲ ಡಾಕ್ಟರನ್ನು ನಾನು ಇನ್ನೊಬ್ಬರನ್ನು ನೋಡಿಲ್ಲ. ಯಂತ್ರದೊಳಗೆ ಹೋಗಲು ತಾಳಿ ತೆಗೆಯಬೇಕು, ಕಾಲುಂಗುರ ತೆಗೆಯಬೇಕು. ಗಂಡ ಬದುಕಿರುವಾಗ ತಾಳಿ ಬಿಚ್ಚಲು ಯಾರು ಒಪ್ಪುತ್ತಾರೆ? ಮೊದಲನೆಯ ವಾರ ಮೂವರು ಬಾಗಿಲವರೆಗೆ ಬಂದು ತಿರುಗಿ ಹೋದರು. ಮರುದಿನ ಮೇಡಂ ಮಾರ್ಕೆಟ್ಟಿನಿಂದ ಒಂದು ಡಬ್ಬಿ ಅರಿಶಿನದ ಕೊಂಬು ತರಿಸಿದರು. ಪ್ರತಿಯೊಬ್ಬಳ ಕೊರಳಿಗೂ ತಾವೇ ಕೈಯಾರೆ ಅರಿಶಿನದ ದಾರದಲ್ಲಿ ಕೊಂಬು ಕಟ್ಟಿ, ಆಮೇಲೆ ತಾಳಿ ಬಿಚ್ಚಿಸಿ ಒಂದು ಬಟ್ಟೆಯಲ್ಲಿ ಗಂಟು ಹಾಕಿ ನನ್ನ ಕೈಗೆ ಕೊಡುವರು. ಒಬ್ಬಳೂ ತಕರಾರು ತೆಗೆಯಲಿಲ್ಲ. ಸೆಂಟರಿನ ಗಂಡಸು ಡಾಕ್ಟರುಗಳು ನಗುತ್ತಿದ್ದರು. ಇವರು ತಿರುಗಿ ನೋಡುತ್ತಿರಲಿಲ್ಲ.

ಇನ್ನೊಂದು ತೊಡಕು ಬಾಯಿಯದು. ಯಂತ್ರದೊಳಗೆ ಚಿತ್ರ ತೋರಿಸುತ್ತಾರೆ: ಮೊರ, ಕೊಡ, ಕುಡುಗೋಲು. ಅದರಿಂದ ಏನೇನು ಮಾಡುತ್ತೇವೆಂದು ಬಾಯಿ ಬಿಡದೆ, ತುಟಿ ಅಲ್ಲಾಡಿಸದೆ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ತಲೆ ಅಲುಗಿದರೆ ಚಿತ್ರ ಕೆಡುತ್ತದೆ. ನಮ್ಮ ಹೆಂಗಸರು ಮೊರ ಕಂಡ ಕೂಡಲೇ "ಕೇರ್ತೀವ್ರಿ!" ಎಂದು ಒಳಗಿನಿಂದ ಕೂಗಿಬಿಡುವರು. ನಾನು ಎಂ.ಎ. ಕನ್ನಡದಲ್ಲಿ 'ಮೌನವಾಗಿ ಆಲೋಚಿಸಿರಿ' ಎಂದು ತಿಳಿಹೇಳಿ ಸೋತೆ. ಮೇಡಂ ನನ್ನನ್ನು ಪಕ್ಕಕ್ಕೆ ಸರಿಸಿ ಹೇಳಿದರು:

"ಯವ್ವಾ, ಅತ್ತಿ ಎದುರಿಗೆ ಕುಂತಾಗ ಮನಸಿನ್ಯಾಗ ಬಯ್ಯಂಗಿಲ್ಲೇನು?"

"ಬಯ್ತೀವ್ರಿ."

"ತುಟಿ ಅಳ್ಳಾಡತೈತೇನು?"

"ಅಯ್ಯ, ಅಳ್ಳಾಡಿದ್ರ ಉಳಸ್ತಾಳೇನ್ರಿ!"

"ಹಂಗ ಹೇಳ್ಕೊ."

ಅಲ್ಲಿಂದ ಮುಂದೆ ಒಬ್ಬರ ಚಿತ್ರವೂ ಕೆಡಲಿಲ್ಲ. ಪ್ರತಿಯೊಬ್ಬರಿಗೂ ಅವರವರ ತಲೆಯ ಚಿತ್ರವನ್ನು ಅವತ್ತೇ ಫಿಲಮ್ಮಿನ ಮೇಲೆ ಅಚ್ಚು ಹಾಕಿಸಿ, ಕಂದು ಕವರಿನಲ್ಲಿಟ್ಟು ಕೊಟ್ಟು ಕಳಿಸುವುದು ಮೇಡಂ ಅವರ ಇನ್ನೊಂದು ರೂಢಿ. "ಅವರ ತಲಿ, ಅವರ ಸೊತ್ತು," ಎನ್ನುವರು.

ಇಂಥವರ ಮುಂದೆ ನಾನು ನನ್ನ ಗುಟ್ಟು ಬಿಚ್ಚಿದೆ. ಒಂದು ಮಧ್ಯಾಹ್ನ ಸೆಂಟರಿನ ಹಿಂದಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆವು. ಟೀ ಗ್ಲಾಸು ಮೇಜಿನಿಂದ ಜಾರಿತು. ನನ್ನ ಎಡಗೈ ತಾನಾಗಿ ಹೋಗಿ ಹಿಡಿದುಕೊಂಡಿತು.

"ಏಯ್, ನೀ ಎಡಚಿ!" ಎಂದರು ಮೇಡಂ, ನಿಧಿ ಸಿಕ್ಕವರ ಹಾಗೆ.

ಹೌದೆಂದೆ. ಸಣ್ಣವಳಿದ್ದಾಗ ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ಬೆರಳಿಗೆ ಹಸಿಮೆಣಸಿನಕಾಯಿ ತಿಕ್ಕುತ್ತಿದ್ದಳು. ಬಳಪ ಹಿಡಿದರೆ ಮಾಸ್ತರರು ಗೆಣ್ಣಿಗೆ ಹೊಡೆಯುತ್ತಿದ್ದರು. ಕೈಯೇನೋ ಬಲಕ್ಕೆ ತಿರುಗಿತು, ತಲೆಯಲ್ಲಿ ಮಾತ್ರ ಎಡ ಬಲ ಎರಡೂ ಕಲಸಿಹೋದವು. ಇವತ್ತಿಗೂ ಆಟೋದವನಿಗೆ ಎಡಕ್ಕೆ ಎಂದು ಹೇಳಿ ಬಲಕ್ಕೆ ಕೈ ತೋರಿಸುತ್ತೇನೆ. ಇದನ್ನೆಲ್ಲ ಹೇಳಿ, "ಗುಳಿಗಿ ಹಚ್ಚೋ ಕೆಲಸ ನನಗ ಬ್ಯಾಡ್ರಿ ಮೇಡಂ, ಹೆದರಿಕಿ ಆಗತೈತಿ," ಎಂದೆ. ಕೆಲಸ ಹೋಗುತ್ತದೆ ಎಂದುಕೊಂಡೇ ಹೇಳಿದ್ದೆ.

ಅವರು ನನ್ನನ್ನು ಕರೆದುಕೊಂಡು ಕೋಣೆಗೆ ಬಂದು, ಮೇಜಿನ ಖಾನೆಯಿಂದ ಕಾಗದ ಕಟ್ಟುವ ಹಸಿರು ಟ್ಯಾಗ್ ದಾರವೊಂದನ್ನು ತೆಗೆದರು. ಅದರ ಎರಡು ತುದಿಯ ತಗಡನ್ನು ಕತ್ತರಿಸಿ ಎಸೆದರು, ಯಂತ್ರದ ಕೋಣೆಗೆ ತಗಡು ಹೋಗುವಂತಿಲ್ಲವಲ್ಲ. ನನ್ನ ಬಲ ಮಣಿಕಟ್ಟಿಗೆ ಅದನ್ನು ಕಟ್ಟಿ ಎರಡು ಗಂಟು ಹಾಕಿದರು.

"ದಾರ ಇದ್ದದ್ದು ಬಲ. ಆಕಿನ್ನ ಕುಂದ್ರಿಸಿ ಆಕಿ ಬೆನ್ನಹಿಂದ ನಿಂದ್ರು. ಆವಾಗ ನಿನ್ನ ಬಲ, ಆಕಿ ಬಲ ಒಂದ. ದಾರದ ಕೈ ಚಾಚಿ ಗುಳಿಗಿ ಹಚ್ಚು. ಇದು ನಮ್ಮಿಬ್ಬರ ನಡುವ ಇರ್ಲಿ."

ಹೆಂಗಸರು ದಾರ ಕಟ್ಟುವುದು ಎಡಗೈಗೆ. ನನ್ನ ಬಲಗೈ ನೋಡಿ ಬಸ್ಸಿನಲ್ಲಿ, ಗುಡಿಯಲ್ಲಿ ಎಲ್ಲರೂ ಕೇಳುವರು, "ಗಂಡಸರಂಗ ಬಲಗೈಗ್ಯಾಕ ಕಟ್ಟೀದಿ?" ಎಂದು. ಹರಕೆ ಎಂದು ಹೇಳುತ್ತಿದ್ದೆ. ಅದು ಸುಳ್ಳೂ ಅಲ್ಲ. ಅಜ್ಜಿಯ ಮೆಣಸಿನಕಾಯಿಯ ನಂತರ ನನ್ನ ಎಡಗೈಯ ವಿಷಯದಲ್ಲಿ ಯಾರಾದರೂ ಮರುಕ ತೋರಿಸಿದ್ದರೆ ಅದು ಅವರೊಬ್ಬರೇ. ಎರಡೂವರೆ ವರ್ಷ ನಾನೇ ಗುಳಿಗೆ ಹಚ್ಚಿದೆ, ಒಂದೂ ತಪ್ಪಲಿಲ್ಲ. ಕೆಲಸ ಮುಗಿದ ಮೇಲೆ ಯಂತ್ರ ನಡೆಸುವ ತರಬೇತಿಗೆ ನನ್ನನ್ನು ಕಳಿಸುವುದಾಗಿ ಮೇಡಂ ಹೇಳಿದ್ದರು. ಶಿಫಾರಸು ಪತ್ರ ಬರೆದು ಮೇಜಿನ ಮೇಲೆ ಇಟ್ಟಿದ್ದರು, ಸಹಿಯೊಂದು ಬಾಕಿ. "ಇಲ್ಲೇ ಇರು, ನನ್ನ ಜೋಡಿ," ಎಂದಿದ್ದರು. ನಾನು ಬಳ್ಳಾರಿಯಲ್ಲಿ ಬಾಡಿಗೆ ಕೋಣೆ ಹುಡುಕಲೂ ಶುರುಮಾಡಿದ್ದೆ.

ಬೇಕಾಗಿದ್ದ ಹೆಂಗಸರಲ್ಲಿ ಕೊನೆಯವಳು ಕುರುಗೋಡಿನ ಹುಲಿಗೆಮ್ಮ. ಬಳ್ಳಾರಿಯಿಂದ ಗಂಟು ಗಂಟು ಜೀನ್ಸ್ ಪ್ಯಾಂಟು ಮನೆಗೆ ಬರುತ್ತಿದ್ದವು. ಹೊಲಿಗೆಯ ಕೊನೆಯಲ್ಲಿ ಜೋತುಬಿದ್ದ ದಾರಗಳನ್ನು ಪುಟ್ಟ ಕತ್ತರಿಯಿಂದ ಕತ್ತರಿಸಿ ಕೊಡುವುದು ಅವಳ ಕೆಲಸ. ಯಾವ ಕೈಯವಳೆಂದು ಬರೆದುಕೊಳ್ಳುವ ಫಾರಂ ಹಿಡಿದು ನಾನು ಹೋದಾಗ ಪಡಸಾಲೆಯಲ್ಲಿ ಅತ್ತೆಯೂ ಕೂತಿದ್ದಳು. ಮಂಡಿನೋವಿನ ಮುದುಕಿ, ಕೂತಲ್ಲಿಂದ ಏಳುವವಳಲ್ಲ, ಸೊಸೆಯ ಪರವಾಗಿ ಉತ್ತರ ಹೇಳುವವಳು. ಊಟ ಯಾವ ಕೈ? ಬಲ. ಕಸಬರಿಗೆ? ಬಲ. ಕಲ್ಲು ಎಸೆಯುವುದು? ಬಲ. ನಮ್ಮಲ್ಲಿ ಊಟಕ್ಕೆ ಯಾರೂ ಎಡ ಎನ್ನುವುದಿಲ್ಲವೆಂದು, 'ರೊಟ್ಟಿ ಬಡಿಯುವುದು ಯಾವ ಕೈ?' ಎಂಬ ಪ್ರಶ್ನೆಯನ್ನು ಫಾರಮಿಗೆ ಸೇರಿಸಿದ್ದು ನಾನು. ಮೇಡಂ ಅದನ್ನು ಬಹಳ ಹೊಗಳಿದ್ದರು. ಹುಲಿಗೆಮ್ಮ ಅದಕ್ಕೂ ಬಲ ಎಂದಳು.

ಫಾರಂ ಮುಗಿದು ಅವಳು ಒಳಗೆ ಹೋದ ಸ್ವಲ್ಪ ಹೊತ್ತಿಗೆ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಎಡಗೈಯಲ್ಲಿ. ಎಂಥ ಲಯ ಅದು! ನನ್ನನ್ನು ಕಂಡು ಕೈ ನಿಂತಿತು.

"ಯಕ್ಕಾ, ಅತ್ತಿಗೆ ಹೇಳಬ್ಯಾಡ. ಎಡಗೈಲೆ ಬಡದದ್ದು ದೇವರಿಗೆ ಎಡಿ ಹಿಡಿಯಾಕ ಬರಂಗಿಲ್ಲ ಅಂತಾಳ. ಗೊತ್ತಾದ್ರ ಅಷ್ಟೂ ರೊಟ್ಟಿ ಎಮ್ಮಿಗೆ ಹಾಕ್ತಾಳ."

ನನಗೆ ಮೆಣಸಿನಕಾಯಿಯ ಉರಿ ನೆನಪಾಯಿತು. ಫಾರಂ ತಿದ್ದಲಿಲ್ಲ. ಬಲ ಎಂದು ಬರೆದದ್ದು ಬಲವಾಗಿಯೇ ಉಳಿಯಿತು. ಅದು ನನ್ನ ತಪ್ಪು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಸ್ಕ್ಯಾನಿನ ದಿನ ಮೇಡಂ ಎಂದಿನಂತೆ ಹುಲಿಗೆಮ್ಮನ ತಲೆಯನ್ನು ಬೆರಳಿಂದ ತಡವಿ ನೋಡಿದರು. ಅವಳ ಹುಬ್ಬಿನ ಮೇಲೆ ಅರ್ಧ ಬೆರಳು ಹಿಡಿಸುವಷ್ಟು ತಗ್ಗು.

"ಇದೇನವ್ವ ಗುಂಡಿ?"

"ಸಣ್ಣಾಕಿ ಇದ್ದಾಗ ನಿಚ್ಚಣಿಕಿ ಮ್ಯಾಲಿಂದ ಒಳಕಲ್ಲಿನ ಮ್ಯಾಲೆ ಬಿದ್ದಿದ್ದೆ ರೀ."

"ಒಳಗೇನಾಗಿಲ್ಲ ಬಿಡು, ಹೊರಗಿನ ಎಲುಬು ಅಷ್ಟ ತಗ್ಗೈತಿ," ಎಂದು ಮೇಡಂ ಅದನ್ನು ಫಾರಮಿನ ಮೇಲೆ ತಮ್ಮ ಕೈಯಿಂದಲೇ ಬರೆದುಕೊಂಡರು. ಅರಿಶಿನದ ಕೊಂಬು ಕಟ್ಟಿದರು. ನಾನು ಬೆನ್ನಹಿಂದೆ ನಿಂತು, ದಾರದ ಕೈ ಚಾಚಿ ಗುಳಿಗೆ ಹಚ್ಚಿದೆ. ಎಲ್ಲ ಸುಸೂತ್ರವಾಗಿ ಮುಗಿಯಿತು. ಸಂಜೆಯ ಬಸ್ಸಿಗೆ ಹುಲಿಗೆಮ್ಮ ಕಂದು ಕವರು ಎದೆಗವಚಿಕೊಂಡು ಕುರುಗೋಡಿಗೆ ಹೋದಳು.

ವಾರದ ಮೇಲೆ ಮೇಡಂ ಕರೆದರು. ಪರದೆಯ ಮೇಲೆ ಹುಲಿಗೆಮ್ಮನ ಮಿದುಳು. ಲೆಕ್ಕ ಹಾಕುವಾಗ ಚಿತ್ರದಲ್ಲಿನ ಬುರುಡೆಯನ್ನು ಕಂಪ್ಯೂಟರಿನಲ್ಲೇ ಸುಲಿದು ಮಿದುಳಷ್ಟನ್ನೇ ಉಳಿಸಿಕೊಳ್ಳುತ್ತಾರೆ; ಗುಳಿಗೆಯ ಚುಕ್ಕೆಯೂ ಆಗ ಹೋಗಿರುತ್ತದೆ. ಮಾತಿನ ಕೆಂಪು ಮಚ್ಚೆಗಳು ಎಲ್ಲ ಹೆಂಗಸರಿಗೂ ಎಡ ಹೋಳಿನಲ್ಲಿದ್ದವು. ಇವಳವು ಬಲಕ್ಕಿದ್ದವು.

"ಗುಳಿಗಿ ಎಲ್ಲಿ ಹಚ್ಚಿದ್ದಿ?"

"ಬಲಕ್ಕ ರೀ." ನನಗೆ ಆ ಕ್ಷಣದಲ್ಲಿ ಖುಷಿಯೇ ಆಯಿತು, ಸಮಸ್ಯೆಗೆ ಉತ್ತರ ನನ್ನಲ್ಲೇ ಇತ್ತಲ್ಲ. ರೊಟ್ಟಿಯ ಸಂಗತಿ ಹೇಳಿದೆ. "ಆಕಿ ಎಡಚಿ ರೀ ಮೇಡಂ. ಅತ್ತಿ ಇದ್ಲಂತ ನಾನ ಬಲ ಅಂತ ಬರದೆ. ತಪ್ಪು ನಂದು. ಎಡಚರಲ್ಲಿ ಹಿಂಗ ಇರ್ತಾವ ಅಂತ ನೀವ ಹೇಳಿದ್ರಲ್ಲ."

ಮೇಡಂ ಪರದೆ ನೋಡುತ್ತಲೇ, "ಎಡಚಿ ಅಂದ್ರ ಈಕಿನ್ನ ಪಟ್ಟಿಯಿಂದ ತಗೀಬೇಕು. ಇನ್ನೊಬ್ಬಾಕಿನ ಹುಡುಕಬೇಕು. ಮುಂದಿನ ತಿಂಗಳ ತನಕ ಯಂತ್ರ ಸಿಗಂಗಿಲ್ಲ. ಲೇಖನ ಕಳಸೋದು ಈ ವಾರ," ಎಂದರು. ಅದು ನನಗೆ ಹೇಳಿದ್ದಲ್ಲ, ತಮಗೆ ತಾವೇ ಹೇಳಿಕೊಂಡದ್ದು. ಆಮೇಲೆ ನನ್ನ ಕಡೆ ತಿರುಗಿದರು. "ನೀ ಗುಳಿಗಿ ತಪ್ಪು ಕಡಿ ಹಚ್ಚೀದಿ."

"ಇಲ್ರಿ ಮೇಡಂ."

"ಎಡ ಬಲ ನನಗ ತಿಳಿಯಂಗಿಲ್ಲ ಅಂತ ನೀನ ಹೇಳಿದ್ಯಲ್ಲ?"

"ಕೈಯಾಗ ದಾರ ಇತ್ತಲ್ರೀ."

"ದಾರ ಕೈಯಾಗಿದ್ರ ಆತೇನು? ಎಚ್ಚರ ತಲಿಯಾಗಿರಬೇಕು." ದನಿ ಏರಿಸಲಿಲ್ಲ. ನನ್ನ ಬೆನ್ನು ತಟ್ಟಿದರು. "ಆಗತಾವ, ಪಿಲ್ಲಾ. ಮನಸಿಗೆ ಹಚ್ಕೋಬ್ಯಾಡ."

"ನಾಳೆ ಕುರುಗೋಡಿಗೆ ಹೋಗಿ ಆಕಿನ್ನ ಇನ್ನೊಮ್ಮಿ ಕರ್ಕೊಂಡ್ ಬರ್ತೀನ್ರಿ. ಬರೇ ಹತ್ತು ನಿಮಿಷ ನೋಡೂಣ್ರಿ."

"ಬ್ಯಾಡ."

ಇಷ್ಟೇ ಹೇಳಿ ಒಂದು ಗುಂಡಿ ಒತ್ತಿದರು. ಕೆಂಪು ಮಚ್ಚೆಗಳು ಈ ಕಡೆಯಿಂದ ಆ ಕಡೆಗೆ ಹೋಗಿ ಕೂತವು. ಹುಲಿಗೆಮ್ಮ ಎಲ್ಲರಂತಾದಳು.

ನಾನು ನಂಬಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಂಬಿದೆ. ಬೇರೆ ಯಾರಾದರೂ ಹೇಳಿದ್ದರೆ ಜಗಳ ತೆಗೆಯುತ್ತಿದ್ದೆ. ಹೇಳಿದವರು ದಾರ ಕಟ್ಟಿದವರು. ಅವತ್ತಿನ ದಿನವನ್ನು ಎಷ್ಟು ಸಲ ನೆನಪು ಮಾಡಿಕೊಂಡೆನೋ! ಬೆನ್ನಹಿಂದೆ ನಿಂತಿದ್ದೆನೋ, ಎದುರಿಗೆ ನಿಂತಿದ್ದೆನೋ? ಹುಬ್ಬಿನ ಮೇಲಿನ ತಗ್ಗು ಈ ಕಡೆಗಿತ್ತೋ, ಆ ಕಡೆಗೋ? ಎಡ ಬಲ ಕಲಸಿದ ತಲೆಯವಳು ತನ್ನ ನೆನಪನ್ನಾದರೂ ಹೇಗೆ ನಂಬುತ್ತಾಳೆ? ಮೇಡಂ ಹಿಡಿದ ಮುಂದಿನ ಅಧ್ಯಯನದಲ್ಲಿ ಗುಳಿಗೆ ಹಚ್ಚುವ ಕೆಲಸ ಬೇರೆಯವರಿಗೆ ಹೋಯಿತು. ನಾನು ಹೊರಗಿನ ಮೇಜಿನಲ್ಲಿ ಫಾರಂ ಬರೆಯುವವಳಾದೆ. ಶಿಫಾರಸು ಪತ್ರ ಮೇಜಿನ ಮೇಲಿಂದ ಖಾನೆಯೊಳಗೆ ಹೋಯಿತು. ಅದರ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕು ತಿಂಗಳಿಗೆ ಬಿಟ್ಟು ಬಂದು ಸಿರುಗುಪ್ಪದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರಾದೆ. ಈಗ ಒಂಬತ್ತು ವರ್ಷ. ಕವಾಯತಿನ ಹೊತ್ತಿಗೆ ಮಕ್ಕಳಿಗೆ ಎಡ ಬಲ ಹೇಳುವ ಸರದಿ ಬಂದರೆ ತಲೆನೋವೆಂದು ಸ್ಟಾಫ್ ರೂಮಿನಲ್ಲಿ ಕೂರುತ್ತೇನೆ. ದಾರ ಮಾತ್ರ ಬಿಚ್ಚಲಿಲ್ಲ. ಮಾಸಿದಾಗೆಲ್ಲ ಆಫೀಸಿನಿಂದ ಹೊಸ ಹಸಿರು ಟ್ಯಾಗು ತಂದು, ತಗಡು ಕತ್ತರಿಸಿ, ಅದೇ ಕೈಗೆ ಕಟ್ಟಿಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ ಬಳ್ಳಾರಿಯ ಕಾಲೇಜೊಂದರಲ್ಲಿ ಅವರ ಉಪನ್ಯಾಸವಿತ್ತು. ಆಗಲೇ ಸೊರಗಿದ್ದರು ಎಂದು ಕೇಳಿ ನೋಡಲು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅರಿಶಿನದ ಕೊಂಬು, ಅತ್ತೆಗೆ ಬಯ್ಯುವುದು, ರೊಟ್ಟಿಯ ಪ್ರಶ್ನೆ, ಎಲ್ಲ ಹೇಳಿದರು. ರೊಟ್ಟಿಯ ಪ್ರಶ್ನೆ ಅವರ ಬಾಯಲ್ಲಿ ಅವರದೇ ಆಗಿತ್ತು. ಆಮೇಲೆ ಹೇಳಿದರು:

"ನನ್ನ ಹತ್ರ ಒಬ್ಬಾಕಿ ಇದ್ಲು. ಎಡ ಯಾವುದು, ಬಲ ಯಾವುದು ಅನ್ನೋದು ತಿಳಿವಲ್ದು. ಎಮ್ಮಿಗೆ ಕಟ್ಟಿದಂಗ ಕೈಗೆ ದಾರ ಕಟ್ಟಿದ್ದೆ. ಕಟ್ಟಿದ ಮ್ಯಾಲೂ ಒಬ್ಬಾಕಿ ಮಿದುಳನ್ನ ತಿರುಗಾಮುರುಗಾ ಮಾಡಿ ಕೊಟ್ಲು!"

ಸಭೆ ಬಿದ್ದು ಬಿದ್ದು ನಕ್ಕಿತು. ಪಕ್ಕದವರು ನಗುವಾಗ ಸುಮ್ಮನಿದ್ದರೆ ಗುರುತಾಗುತ್ತದೆಂದು ನಾನೂ ನಕ್ಕೆ. ಬಲಗೈಯನ್ನು ಬ್ಯಾಗಿನ ಕೆಳಗೆ ಸರಿಸಿಕೊಂಡೆ. ನಮ್ಮಿಬ್ಬರ ನಡುವೆ ಇರಲಿ ಎಂದ ಬಾಯಿ ಅದೇ. ಆದರೂ ಅವತ್ತು ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ನನ್ನ ಕೈಯ ಮೇಲೆ.

ಸಂಚಿಕೆಗೆ ಬರೆಯುವ ಮೊದಲು ಹುಲಿಗೆಮ್ಮನನ್ನು ನೋಡಬೇಕೆನಿಸಿತು. ಯಂತ್ರದೊಳಗೆ ಮಲಗಿದವರ ಬಾಯಿಂದಲೇ ಮೇಡಂ ಬಗ್ಗೆ ಎರಡು ಮಾತು ಸಿಗಲಿ ಎಂಬುದು ನೆಪ. ನಿಜವಾಗಿ, ಅವಳ ಚಿತ್ರ ಕೆಡಿಸಿದ್ದಕ್ಕೆ ಒಂಬತ್ತು ವರ್ಷದಿಂದ ಕೇಳದ ಕ್ಷಮೆ ಕೇಳಬೇಕಿತ್ತು. ಹೋದ ಭಾನುವಾರ ಕುರುಗೋಡಿಗೆ ಹೋದೆ.

ಅತ್ತೆ ತೀರಿಕೊಂಡಿದ್ದಾಳೆ. ಹುಲಿಗೆಮ್ಮ ಪಡಸಾಲೆಯ ನಡುವೆ ಪ್ಯಾಂಟುಗಳ ರಾಶಿಯ ಪಕ್ಕ ಕೂತು, ಬಾಗಿಲು ಹಾರು ಹೊಡೆದುಕೊಂಡು, ಎಡಗೈಯಲ್ಲಿ ದಾರ ಕತ್ತರಿಸುತ್ತಿದ್ದಳು. "ಯಕ್ಕಾ!" ಎಂದು ಎದ್ದಳು. ಮೇಡಂ ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ಕೊರಳಿಗೆ ಅರಿಶಿನ ಕೊಂಬು ಕಟ್ಟಿದ ಕೈ," ಎಂದಳು. ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ, ಕಟ್ಟು ಹಾಕಿಸಿದ ಅವಳ ತಲೆಯ ಫಿಲಮ್ಮು ಇತ್ತು.

"ಅದು ತಪ್ಪು ಫೋಟೊ ಹುಲಿಗೆಮ್ಮ. ಅವತ್ತು ನಿನ್ನ ತಲಿಗೆ ಗುಳಿಗಿ ತಪ್ಪು ಕಡಿ ಹಚ್ಚಿದ್ದೆ ನಾನು. ನನ್ನಿಂದ ಕೆಟ್ಟಿತು."

ಅವಳಿಗೆ ತಿಳಿಯಲಿಲ್ಲ. ಪಟವನ್ನು ಇಳಿಸಿ ಬಾಗಿಲ ಬೆಳಕಿಗೆ ಹಿಡಿದಳು. "ಏನು ಕೆಟ್ಟೈತಿ? ಈ ಬಿಳೀ ಚುಕ್ಕಿ ಏನು?"

"ಅದ ಗುಳಿಗಿ."

"ಇದು ನನ್ನ ಗುಂಡಿ, ನೋಡು. ಬಂದೋರಿಗೆಲ್ಲ ಇದನ್ನ ತೋರಸ್ತೀನಿ, ಒಳಕಲ್ಲಿಗೆ ಬಿದ್ದದ್ದು ಅಂತ."

ಅವಳ ಬೆರಳು ಇದ್ದ ಕಡೆ ನೋಡಿದೆ. ಬುರುಡೆಯ ಬಿಳಿ ಗೆರೆಯಲ್ಲಿ ಸಣ್ಣ ತಗ್ಗು. ತಗ್ಗು ಇದ್ದ ಕಡೆಗೇ ಚುಕ್ಕೆ, ನಾಲ್ಕು ಬೆರಳಿನಷ್ಟೂ ದೂರವಿಲ್ಲ. ಎರಡೂ ಒಂದೇ ಮಗ್ಗುಲಲ್ಲಿದ್ದವು.

ಅವಳ ಮುಖ ನೋಡಿದೆ. ತಗ್ಗು ಎಲ್ಲಿದೆ ಎಂದು ಕಾಣುತ್ತಿತ್ತು, ಆದರೆ ಅದು ಎಡವೋ ಬಲವೋ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. "ಕುಂದ್ರು," ಎಂದೆ. ಅವಳು ಕೂತಳು. ಬೆನ್ನಹಿಂದೆ ಹೋಗಿ ನಿಂತೆ. ದಾರ ಕಟ್ಟಿದ ಕೈ ಚಾಚಿದೆ. ಬೆರಳು ನೇರ ತಗ್ಗಿಗೆ ಹೋಗಿ ಕೂತಿತು.

ಗುಳಿಗೆ ಬಲಕ್ಕೇ ಇತ್ತು. ನಾನು ತಪ್ಪಿರಲಿಲ್ಲ.

ಮೊದಲು ಅಳು ಬಂತು. ಆಮೇಲೆ ಒಂದೊಂದೇ ನೆನಪಾಗತೊಡಗಿತು. ತಗ್ಗನ್ನು ಬೆರಳಿಟ್ಟು ನೋಡಿದವರು ಅವರೇ. ಯಾವ ಹುಬ್ಬಿನ ಮೇಲೆಂದು ಫಾರಮಿನಲ್ಲಿ ಬರೆದುಕೊಂಡವರೂ ಅವರೇ. ಸುಲಿಯದ ಪೂರ್ತಿ ಬುರುಡೆಯ ಚಿತ್ರ ಅವರ ಕಂಪ್ಯೂಟರಿನಲ್ಲೇ ಇತ್ತು, ಚುಕ್ಕೆ, ತಗ್ಗು ಸಮೇತ. ಒಂದು ಸಲ ತೆರೆದರೆ ತಿಳಿಯುತ್ತಿತ್ತು. ತೆರೆದು ನೋಡದೆ ಬಿಡುವ ಹೆಂಗಸಲ್ಲ ಅವರು; ಅವರಿಗಿಂತ ಎಚ್ಚರದವರನ್ನು ನಾನು ಕಂಡಿಲ್ಲ. ನೋಡಿದ್ದಾರೆ. ನೋಡಿಯೇ "ಬ್ಯಾಡ" ಎಂದಿದ್ದಾರೆ. ಒಂದು ಲೇಖನ ಒಂದು ತಿಂಗಳು ತಡವಾಗಬಾರದೆಂದು ಹುಲಿಗೆಮ್ಮನ ಮಾತನ್ನು ಅವಳದಲ್ಲದ ಮಗ್ಗುಲಿಗೆ ತಳ್ಳಿದರು. ಕೈಗೆ ಹತ್ತಿರವಿದ್ದವಳೆಂದು ತಪ್ಪನ್ನು ನನ್ನ ಮೇಲೆ ಹೊರಿಸಿದರು. ನಾನು ಅವರನ್ನು ನಂಬಿ ಹೇಳಿದ ಒಂದೇ ಒಂದು ಗುಟ್ಟು ಅದಕ್ಕೆ ಸಾಕಾಯಿತು. ನಂಬಿದವರ ಕುತ್ತಿಗೆ ಕೊಯ್ಯುವುದು ಎನ್ನುತ್ತಾರೆ. ನನ್ನ ಕುತ್ತಿಗೆಗೆ ಏನೂ ಆಗಲಿಲ್ಲ. ಹೋದದ್ದು ನನ್ನ ಕೈಯ ಮೇಲೆ ನನಗಿದ್ದ ನಂಬಿಕೆ, ಅದರ ಜೊತೆಗೆ ಒಂಬತ್ತು ವರ್ಷ.

ಬೈಯೋಣವೆಂದರೆ ಬೈಗುಳ ಬಾಯಿಗೆ ಬರಲಿಲ್ಲ. ಮನಸ್ಸಿನಲ್ಲೇ ಬೈದೆ, ತುಟಿ ಅಲ್ಲಾಡಿಸದೆ. ಅದನ್ನು ಕಲಿಸಿದವರೂ ಅವರೇ.

"ಏನಾತು ಯಕ್ಕಾ? ಫೋಟೊದಾಗ ಏನಾರ ಕೆಟ್ಟದ್ದೈತೇನು?"

"ಇಲ್ಲವ್ವ. ಫೋಟೊ ಸರಿ ಐತಿ. ಎಲ್ಲಾರಿಗೂ ಮಾತು ಎಡಕ್ಕಿದ್ರ ನಿನಗ ಬಲಕ್ಕೈತಿ. ಅಷ್ಟ."

"ಮತ್ತ ನೀ ತಪ್ಪು ಅಂದಿ?"

"ನನಗ ಹಂಗ ಹೇಳಿದ್ರು."

ಪ್ಯಾಂಟಿನ ರಾಶಿಯ ಮೇಲೆ ಅವಳ ಪುಟ್ಟ ಕತ್ತರಿ ಬಿದ್ದಿತ್ತು. ತೆಗೆದುಕೊಂಡೆ. ನನ್ನ ಮಣಿಕಟ್ಟು ನೋಡಿ ಅವಳಿಗೆ ತಿಳಿಯಿತು. "ಕೊಡು ಇಲ್ಲಿ, ದಾರ ಕತ್ತರಸೋದು ನನ್ನ ಕೆಲಸ," ಎಂದು ಕೈ ಚಾಚಿದಳು. ಬೇಡವೆಂದೆ. ಬಲಗೈಗೆ ಕಟ್ಟಿದ ದಾರವನ್ನು ತಾನೇ ಕತ್ತರಿಸಿಕೊಳ್ಳಬೇಕೆಂದರೆ ಕತ್ತರಿ ಎಡಗೈಯಲ್ಲಿರಬೇಕು. ಎಷ್ಟೋ ವರ್ಷದಿಂದ ಇನ್ನೊಬ್ಬರ ಎದುರು ಎಡಗೈಯಲ್ಲಿ ಏನನ್ನೂ ಹಿಡಿದಿರಲಿಲ್ಲ. ಒಂದೇ ಏಟಿಗೆ ತುಂಡಾಗಿ, ಹಸಿರು ದಾರ ಅವಳ ನೀಲಿ ದಾರಗಳ ರಾಶಿಯಲ್ಲಿ ಬಿತ್ತು.

ಹುಲಿಗೆಮ್ಮ ಕಣ್ಣರಳಿಸಿ ನನ್ನ ಕೈ ನೋಡಿದಳು.

"ಯಕ್ಕಾ, ನೀನೂ ಎಡಚಿ ಏನು?"

ಹೂಂ ಎಂದೆ. ಒಂಬತ್ತು ವರ್ಷದ ಹಿಂದೆ, ಅವಳ ಒಲೆಯ ಮುಂದೆ ನಿಂತಿದ್ದಾಗಲೇ ಅದನ್ನು ನಾನು ಅವಳಿಗೆ ಹೇಳಬೇಕಾಗಿತ್ತು.